ಎರ್ಸಿಲಿಯಾಗೆ ಸಿಟ್ಟು ಬಂದದ್ದು

ನಲವತ್ತೊಂದು ವರ್ಷದ ಎರ್ಸಿಲಿಯಾ ಉರ್ಬೀನಾಗೆ ಸಿಟ್ಟು ಬಂದದ್ದನ್ನು ಚಿಲಿ ದೇಶದ ವಾಲ್ಪರೈಸೊ ಊರಿನ ಅವಳ ಬೆಟ್ಟದ ಮೇಲೆ ಯಾರೂ ಕಂಡಿರಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಬಂದ ಕೀಲುಜ್ವರ ಅವಳ ಹೃದಯದ ಒಂದು ಕವಾಟವನ್ನು ಹಾಳುಮಾಡಿ ಹೋಗಿತ್ತು. ಅಂದಿನಿಂದ ಮನೆಯಲ್ಲಿ ಒಂದೇ ಮಾತು: ಅವಳನ್ನು ಓಡಿಸಬೇಡಿ, ಅಳಿಸಬೇಡಿ, ಜಾಸ್ತಿ ನಗಿಸಲೂ ಬೇಡಿ. ಅಮ್ಮ ತೀರಿಕೊಂಡ ಮೇಲೆ ಆ ಕಾವಲು ಅಕ್ಕ ನೋಲ್ಫಾಳ ಪಾಲಿಗೆ ಬಂತು. ನೋಲ್ಫಾ ಮದುವೆಯಾಗಲಿಲ್ಲ. ಯಾಕೆಂದು ಯಾರೂ ಕೇಳಲೂ ಇಲ್ಲ.

ನಾಲ್ಕು ಮಾತಾಡಿದರೆ ಐದನೆಯದಕ್ಕೆ ಉಸಿರು ಸಾಲದೆ ಎರ್ಸಿಲಿಯಾ ಮಾತು ಕಡಿಮೆ ಮಾಡಿಕೊಂಡಿದ್ದಳು. ಜನ ಅದನ್ನು ಸೌಮ್ಯ ಸ್ವಭಾವ ಎಂದರು. ಕೇಳೀ ಕೇಳೀ ಅವಳೂ ನಂಬಿದಳು. ಕಿಟಕಿಯ ಪಕ್ಕದ ಹೊಲಿಗೆ ಯಂತ್ರದ ಮುಂದೆ ಕೂತು, ಬೆಟ್ಟದ ಫುಟ್‌ಬಾಲ್ ತಂಡ ಗೊಲೊಂದ್ರಿನಾದ ಹಸಿರು ಅಂಗಿಗಳಿಗೆ ಇಪ್ಪತ್ತು ವರ್ಷದಿಂದ ನಂಬರು ಹೊಲಿಯುತ್ತಿದ್ದವಳು ಒಂದೇ ಒಂದು ಪಂದ್ಯ ನೋಡಿರಲಿಲ್ಲ. ಉದ್ವೇಗ ಕೂಡದು ಎಂದು ಹಳೆಯ ಡಾಕ್ಟರ ಅಪ್ಪಣೆಯಾಗಿತ್ತು.

ಮಾರ್ಚ್‌ನಲ್ಲಿ ಎದೆ ತೆರೆದು ಹೊಸ ಕವಾಟ ಕೂರಿಸಿದರು. ಕೋಟಿನ ಗುಂಡಿಯಷ್ಟಿರುವ, ಎರಡು ಕಪ್ಪು ರೆಕ್ಕೆಗಳ ಯಂತ್ರ. ಅಕ್ಕಪಕ್ಕ ಸದ್ದಿಲ್ಲದಿದ್ದರೆ ಟಿಕ್ ಟಿಕ್ ಎಂದು ಕೇಳಿಸುತ್ತಿತ್ತು. ಮೊದಲ ತಿಂಗಳು ನೋವು, ಎರಡನೆಯ ತಿಂಗಳು ಆಲಸ್ಯ. ಮೂರನೆಯ ತಿಂಗಳಲ್ಲಿ ಒಂದು ದಿನ ಅವಳು ಅಂಗಡಿಯಿಂದ ಬ್ರೆಡ್ ತಂದು, ಎಪ್ಪತ್ತೆರಡು ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತಾಗ ತಾನು ಎಲ್ಲೂ ಕೂರಲಿಲ್ಲವೆಂಬುದು ನೆನಪಾಯಿತು. ಮತ್ತೆ ಇಳಿದುಹೋಗಿ ಇನ್ನೊಮ್ಮೆ ಹತ್ತಿದಳು. ಸುಮ್ಮನೆ.

ಅದೇ ವಾರ ಪಕ್ಕದ ಮನೆಯ ಯೂದಿತ್ ಬಂದು ಎಂದಿನಂತೆ ನೋಲ್ಫಾಳನ್ನು ಕೇಳಿದಳು: "ಹೇಗಿದಾಳೆ ನಮ್ಮ ಪಾಪದ ಹುಡುಗಿ?"

"ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ಲು, ಊಟ ಮಾತ್ರ..." ಎಂದು ನೋಲ್ಫಾ ಶುರುಮಾಡಿದಳು.

"ನನ್ನನ್ನೇ ಕೇಳು ಯೂದಿತ್, ಇಲ್ಲೇ ಇದೀನಿ!" ಎಂದಳು ಎರ್ಸಿಲಿಯಾ. ಅಷ್ಟು ಜೋರಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಯೂದಿತ್ ಕೈಯ ಚಹಾ ಚೆಲ್ಲಿತು.

ಮುಂದಿನ ತಪಾಸಣೆಯಲ್ಲಿ ನೋಲ್ಫಾ ಡಾಕ್ಟರನ್ನು ಬದಿಗೆ ಕರೆದಳು. "ಡಾಕ್ಟರೇ, ನಿಜ ಹೇಳಿ. ಬೇರೆ ಯಾರದ್ದಾದ್ರೂ ಹೃದಯ ಹಾಕಿದ್ದೀರಾ? ಇವಳು ನನ್ನ ತಂಗಿ ಥರ ಇಲ್ಲ."

ಡಾಕ್ಟರು ನಕ್ಕರು. "ಕವಾಟ ಒಂದೇ ನಮ್ಮದಮ್ಮ. ಮಿಕ್ಕಿದ್ದೆಲ್ಲ ಅವರದ್ದೇ."

ಎರ್ಸಿಲಿಯಾಗೆ ಅದು ಕೇಳಿಸಿತು. ಮನೆಗೆ ಬಂದು ಕನ್ನಡಿಯ ಮುಂದೆ ತುಂಬ ಹೊತ್ತು ನಿಂತಳು. ಈ ದನಿ ಅವಳದ್ದೇ ಆದರೆ ಮೂವತ್ತೆರಡು ವರ್ಷ ಮೆಲ್ಲಗೆ ಮಾತಾಡಿದವಳು ಯಾರು? ಸೌಮ್ಯ ಎನ್ನಿಸಿಕೊಂಡದ್ದು ಸ್ವಭಾವವೋ, ಉಸಿರಿನ ಬರವೋ? ಹೆದರಿಕೆಯಾಯಿತು. ಹೆದರಿಕೆಯ ಬೆನ್ನಿಗೇ ಒಂದು ಪುಳಕ, ಹೊಸ ಊರಿಗೆ ಬಸ್ಸಿಳಿದವರಿಗೆ ಆಗುವಂಥದ್ದು.

ಅಕ್ಟೋಬರ್‌ನ ಮೊದಲ ಭಾನುವಾರ ಪಕ್ಕದ ಬೆಟ್ಟದ ತಂಡದೊಡನೆ ಪಂದ್ಯವಿತ್ತು. ಎರ್ಸಿಲಿಯಾ ಮಾತ್ರೆ ನುಂಗಿ, ಸ್ಕಾರ್ಫ್ ಕಟ್ಟಿಕೊಂಡು, ನೋಲ್ಫಾ ಚರ್ಚಿನಿಂದ ಬರುವ ಮೊದಲೇ ಮೈದಾನಕ್ಕೆ ಹೊರಟಳು. ತಾನು ಹೊಲಿದ ನಂಬರುಗಳು ಹನ್ನೊಂದು ಬೆನ್ನುಗಳ ಮೇಲೆ ಓಡಾಡುವುದನ್ನು ಕಂಡು ಮೊದಲ ಹತ್ತು ನಿಮಿಷ ಕಣ್ಣೊರೆಸಿಕೊಂಡಳು. ಆಮೇಲೆ ಕೂಗಲು ಶುರುಮಾಡಿದಳು. "ಏಳಯ್ಯಾ ಒಂಬತ್ತು! ಅಂಗಿ ಹರಿದ್ರೆ ನಾನು ಹೊಲಿದುಕೊಡ್ತೀನಿ, ಓಡು!"

ಆಟ ಒಂದು–ಒಂದರಲ್ಲಿ ನಿಂತಿತ್ತು. ಇನ್ನೆರಡು ನಿಮಿಷ ಇರುವಾಗ ಒಂಬತ್ತನೆಯ ನಂಬರಿನ ನಿಬಾಲ್ದೊ ಹೊಡೆದ ಚೆಂಡು ಗೋಲುಗೆರೆ ದಾಟಿ ಬಿತ್ತು. ಎದುರಾಳಿ ಗೋಲ್‌ಕೀಪರ್ ಅದನ್ನು ಥಟ್ಟನೆ ಹೊರಗೆಳೆದುಕೊಂಡ. ದೂರದಲ್ಲಿದ್ದ ರೆಫರಿ ಆಟ ಮುಂದುವರಿಸಿ ಎಂದು ಕೈ ಬೀಸಿದ.

ಎರ್ಸಿಲಿಯಾ ನಿಂತಿದ್ದದ್ದು ಆ ಗೋಲಿನ ಪಕ್ಕದಲ್ಲೇ. ಮೈದಾನದೊಳಕ್ಕೆ ಕಾಲಿಟ್ಟದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ರೆಫರಿಯ ತೋಳು ಹಿಡಿದು ಗೆರೆಯ ಹತ್ತಿರ ಕರೆತಂದಳು.

"ಬೆಳಗಿನ ತುಂತುರಿಗೆ ಮಣ್ಣು ಮೆತ್ತಗಿದೆ. ನೋಡಿ ಸ್ವಾಮಿ, ಚೆಂಡು ಬಿದ್ದ ಗುರುತು! ಗೆರೆ ಒಳಗೋ ಹೊರಗೋ?"

"ಹೊರಗೆ ನಡೀರಿ ಅಮ್ಮ."

"ಇಪ್ಪತ್ತು ವರ್ಷ ಗೆರೆ ಮೇಲೆ ಸೂಜಿ ಓಡಿಸಿದೀನಿ. ನನಗೆ ಗೆರೆ ಕಾಣಲ್ವಾ? ಕಣ್ಣು ಮನೇಲಿಟ್ಟು ಬಂದಿದೀರಾ?"

ಮೈದಾನ ಗಪ್‌ಚಿಪ್ಪಾಯಿತು. ರೆಫರಿ ತಲೆ ವಾಲಿಸಿ ಕೇಳಿದ: "ಅದೇನು ಟಿಕ್ ಟಿಕ್?"

"ನನ್ನ ಹೃದಯ. ನೀವು ಗೋಲು ಕೊಡಿ!"

ಅವನು ಗೋಲು ಕೊಡಲಿಲ್ಲ. ಜೇಬಿಗೆ ಕೈಹಾಕಿ ಕೆಂಪು ಕಾರ್ಡ್ ತೆಗೆದು ಅವಳ ಮುಖದೆದುರು ಎತ್ತಿ ಹಿಡಿದ.

ಎರ್ಸಿಲಿಯಾ ಒಂದು ಕ್ಷಣ ಅದನ್ನೇ ನೋಡಿದಳು. ಒಂಬತ್ತನೆಯ ವಯಸ್ಸಿನಿಂದ ಜನ ಅವಳಿಗೆ ಕುರ್ಚಿ ತಂದುಕೊಟ್ಟಿದ್ದರು, ಕೈಯಿಂದ ಚೀಲ ಇಸಿದುಕೊಂಡಿದ್ದರು, ದನಿ ತಗ್ಗಿಸಿದ್ದರು. ಒದ್ದು ಹೊರಗೆ ಹಾಕುವಷ್ಟು ತಕರಾರಿನವಳೆಂದು ಯಾರೂ ಎಣಿಸಿರಲಿಲ್ಲ. ಅವಳ ಮುಖ ಅರಳಿತು. ಎರಡೂ ಕೈ ಮೇಲೆತ್ತಿ, ಪಂದ್ಯ ಗೆದ್ದವಳಂತೆ ಹೊರನಡೆದಳು. ಹಸಿರು ಕಡೆಯ ಜನರೆಲ್ಲ "ಎರ್ಸೀ! ಎರ್ಸೀ!" ಎಂದು ಕುಣಿದರು.

ಗೇಟಿನ ಬಳಿ ನೋಲ್ಫಾ ಏದುಸಿರು ಬಿಡುತ್ತ ನಿಂತಿದ್ದಳು. ಮುಖ ಬಿಳಿಚಿತ್ತು. "ಸಾಯೋಕೆ ಬಂದ್ಯಾ ಇಲ್ಲಿ? ಹುಚ್ಚಿ!"

"ನೋಡು ಅಕ್ಕಾ, ಸುಸ್ತೇ ಆಗಿಲ್ಲ! ಕೈ ಇಟ್ಟು ನೋಡು!"

ನೋಲ್ಫಾ ಕೈ ಇಡಲಿಲ್ಲ. ಗೋಡೆಗೊರಗಿ ಅಳತೊಡಗಿದಳು. "ನಿಂಗೆ ಏನೂ ಆಗಲ್ಲ ಅಂದ್ಮೇಲೆ ನಾನ್ಯಾಕೇ ಇರೋದು? ಬೆಳಗ್ಗೆ ಎದ್ದು ಏನು ಮಾಡ್ಲಿ ಹೇಳು. ನಂಗೆ ಬೇರೆ ಏನೂ ಬರಲ್ಲ."

ಎರ್ಸಿಲಿಯಾ ಅಕ್ಕನ ತಲೆಯನ್ನು ಭುಜಕ್ಕೊರಗಿಸಿಕೊಂಡಳು. ಇಷ್ಟು ವರ್ಷ ಒರಗುತ್ತಿದ್ದವಳು ತಾನು. "ಕೊಕಿಂಬೊದಲ್ಲಿ ನಿನ್ನ ಗೆಳತಿ ಹತ್ತು ವರ್ಷದಿಂದ ಕರೀತಿದಾಳಲ್ಲ, ಸಮುದ್ರದ ದಂಡೆ ಮನೆಗೆ," ಎಂದಳು. "ಹೋಗಿ ಬಾ. ಒಂದು ತಿಂಗಳು ಇರು. ಮಾತ್ರೆ ನಾನೇ ತಗೋತೀನಿ."

"ಮರೀತೀಯ."

"ಮರೆತ್ರೆ ಫೋನಲ್ಲಿ ಬೈಯಿ. ನಾನೂ ತಿರುಗಿಸಿ ಬೈತೀನಿ, ಈಗ ಬರುತ್ತಲ್ಲ!"

ನೋಲ್ಫಾ ಅಳುತ್ತಲೇ ನಕ್ಕಳು. ಮುಂದಿನ ಶನಿವಾರ ಮೂರು ಸಲ ಬಸ್ಸಿನಿಂದಿಳಿದು ಮೂರು ಸಲ ಎಚ್ಚರಿಕೆ ಹೇಳಿ, ಕೊನೆಗೂ ಹೋದಳು.

ಲೀಗಿನ ಸಭೆ ಅದಾದ ಮೇಲಿನ ಮಂಗಳವಾರ ಸೇರಿತು. ಕ್ಲಬ್ಬಿನ ಅಧ್ಯಕ್ಷ ದೋನ್ ರಿಗೊಬೆರ್ತೊ ಮೃದು ಮನುಷ್ಯ. ಇಂಥ ಸಭೆಗಳಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವನು ಹಿಂದಿನ ದಿನವೇ ಬಂದು, ಟೋಪಿ ಕೈಯಲ್ಲಿ ಹಿಡಿದುಕೊಂಡು, ತಂಡದ ಪರವಾಗಿ ಮಾತಾಡಲು ಎರ್ಸಿಲಿಯಾಳನ್ನೇ ಕೇಳಿಕೊಂಡಿದ್ದ. ಮೈದಾನಕ್ಕೆ ನುಗ್ಗಿದ್ದಕ್ಕೆ ಅವಳಿಗೆ ನಾಲ್ಕು ಪಂದ್ಯಗಳ ನಿಷೇಧ ಹೇರುವುದು ಸಭೆಯ ಮೊದಲ ವಿಷಯ.

"ಕೂತ್ಕೊಂಡೇ ಮಾತಾಡಿ ಸೆನ್ಯೋರಾ, ನಿಮ್ಮ ಆರೋಗ್ಯ..." ಎಂದರು ಸಭೆಯ ಹಿರಿಯರು.

"ಆರೋಗ್ಯ ಗಟ್ಟಿಯಾಗಿದೆ," ಎಂದು ಅವಳು ಎದ್ದು ನಿಂತಳು. ಮುಕ್ಕಾಲು ಗಂಟೆ ಮಾತಾಡಿದಳು. ನಿಷೇಧ ನಾಲ್ಕರಿಂದ ಒಂದಕ್ಕಿಳಿಯಿತು. ಆ ಒಂದಕ್ಕೂ ಮೇಲ್ಮನವಿ ಹಾಕುತ್ತೇನೆಂದು ಹೇಳಿ ಅವಳು ಹೊರಬಂದಾಗ, ದೋನ್ ರಿಗೊಬೆರ್ತೊ ಹಿಂದೆ ಹಿಂದೆ ಓಡುತ್ತ ಬರುತ್ತಿದ್ದ: "ಸಾಕಮ್ಮ, ಎರ್ಸಿಲಿಯಾ, ಸಾಕು!"