ಏಪ್ರಿಲ್ ಒಂದರಂದು ಮನೆಯಲ್ಲಿದ್ದವರು

2020ರ ಏಪ್ರಿಲ್ 1, ಬುಧವಾರ, ಬೆಳಿಗ್ಗೆ 11 ಗಂಟೆ 10 ನಿಮಿಷ.

ಇಷ್ಟು ಬರೆದು ಎರಡು ವಾರ ಸುಮ್ಮನೆ ಕೂತಿದ್ದೆ. ಕಥೆಯನ್ನು ಗಡಿಯಾರ ನೋಡಿ ಶುರು ಮಾಡುವುದು ಪ್ರಯೋಗಾಲಯದ ಚಟ. ಆದರೆ ಓದುಗರೇ, ಬೇರೆ ಎಲ್ಲಿಂದ ಶುರು ಮಾಡಲಿ? ಹತ್ತು ವರ್ಷಕ್ಕೊಮ್ಮೆ ಈ ದೇಶ ತನ್ನನ್ನು ತಾನು ಎಣಿಸಿಕೊಳ್ಳುತ್ತದೆ. ಎಣಿಕೆಯ ದಿನ ಏಪ್ರಿಲ್ ಒಂದು. ಆ ದಿನ ಎಲ್ಲಿ ವಾಸವಿದ್ದಿರೋ ಅಲ್ಲಿಯವರು. ಅದಕ್ಕೆ ಮುಂಚೆ ಸತ್ತಿದ್ದರೆ ಎಲ್ಲಿಯವರೂ ಅಲ್ಲ.

(ಕೊನೆಯ ವಾಕ್ಯ ನಾಟಕೀಯವಾಯಿತು. ಹೊಡೆದುಹಾಕಲು ಹೋದೆ. ನಿಯಮವನ್ನು ಮತ್ತೊಮ್ಮೆ ಓದಿ ಹಾಗೇ ಬಿಟ್ಟೆ.)

1.

ಮಿನ್ನೆಸೋಟಾ ರಾಜ್ಯದ ಸೇಂಟ್ ಪಾಲ್ ನಗರದ ಪೂರ್ವಭಾಗದ ಒಂದು ಬೀದಿ. ಥಾವ್ ಕುಲದ ಹಿರಿಯರೊಬ್ಬರು ಮನೆಯೆದುರಿನ ಕಾಲುದಾರಿಯಲ್ಲಿ ನಿಂತಿದ್ದಾರೆ. ಅವರ ಕೈಯಲ್ಲಿ ಮೊರ. ಮೊರದಲ್ಲಿ ಮಡಿಸಿಟ್ಟ ನೀಲಿ ಅಂಗಿ, ಬೇಯಿಸಿದ ಮೊಟ್ಟೆ, ಅನ್ನ. ಅಂಗಿ ಅವರ ತಮ್ಮ ಚೆರ್ ಪಾವ್‌ನದು. ಅವನನ್ನು ಮಣ್ಣು ಮಾಡಿ ಅಂದಿಗೆ ಹದಿಮೂರನೆಯ ದಿನ. ಲಾವೋಸ್ ಮೂಲದ ಹ್ಮಾಂಗ್ ಜನರಲ್ಲಿ ಆ ದಿನ ಸತ್ತವರನ್ನು ಮನೆಗೆ ಕರೆದು ಉಣಿಸುತ್ತಾರೆ.

ಚೆರ್ ಪಾವ್‌ಗೆ ಐವತ್ತೇಳು ವರ್ಷ. ಮುದ್ರಣಾಲಯದಲ್ಲಿ ಯಂತ್ರ ನಡೆಸುತ್ತಿದ್ದವನು ಮಾರ್ಚ್ ಮೊದಲ ವಾರ ಹೃದಯ ನಿಂತು ಹೋದ. ನಾಲ್ಕು ದಿನ ನಡೆಯಬೇಕಿದ್ದ ಉತ್ತರಕ್ರಿಯೆಗೆ, ಎರಡು ವಾರ ಕಾದ ಮೇಲೆ, ಸಾಂಕ್ರಾಮಿಕದ ಕಟ್ಟಳೆಯಿಂದಾಗಿ, ಹತ್ತು ಜನ ಮತ್ತು ಐದು ಗಂಟೆ ಸಿಕ್ಕವು. ಸತ್ತವನಿಗೆ ದಾರಿ ತೋರಿಸುವ ಹಾಡೊಂದಿದೆ. ಅವನು ಬದುಕಿದ್ದ ಊರುಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ಹೆಸರಿಸುತ್ತ, ಹುಟ್ಟಿದ ಜಾಗದವರೆಗೆ ಕರೆದೊಯ್ಯುವ ಹಾಡು. ಸೇಂಟ್ ಪಾಲ್, ಫ್ರೆಸ್ನೊ, ಥಾಯ್ಲೆಂಡಿನ ಶಿಬಿರ, ಲಾವೋಸಿನ ಬೆಟ್ಟ. ಅದನ್ನು ಅರ್ಧಕ್ಕೆ ಮೊಟಕು ಮಾಡಬೇಕಾಯಿತು. ಹದಿಮೂರು ದಿನವೂ ಅವನ ಹೆಂಡತಿ ಯೂವಾಗೆ ಇದ್ದದ್ದು ಒಂದೇ ಚಿಂತೆ: ಅವರಿಗೆ ದಾರಿ ಸಿಕ್ಕಿತೋ ಇಲ್ಲವೋ.

ಹಿರಿಯರು ಸೀಳಿದ ಬಿದಿರಿನ ತುಂಡುಗಳನ್ನೆಸೆದು, ತಮ್ಮ ಬಂದನೇ ಎಂದು ಕೇಳಿದರು. ಎರಡು ಸಲ ಇಲ್ಲ ಎಂದವು. ಮೂರನೆಯ ಸಲ, ಬಂದಿದ್ದಾನೆ ಎಂದವು. ಆಗ 11 ಗಂಟೆ 10 ನಿಮಿಷ. ಯೂವಾ ಒಳಗೆ ಹೋಗಿ ಮೂರು ತಟ್ಟೆ ಹಾಕಿದಳು: ತನಗೆ, ಹತ್ತೊಂಬತ್ತರ ಮಗಳು ಪಾ ಕೂಗೆ, ಗಂಡನಿಗೆ.

2.

ಈಗ ಗಣಿತ. (ದಾಟಿಕೊಂಡು ಹೋಗಬೇಡಿ. ಇದಿಲ್ಲದೆ ಲೈಲ್ ಯಾಕೆ ಬಂದನೆಂಬುದು ತಿಳಿಯುವುದಿಲ್ಲ.)

ಇಲ್ಲಿ ಅಧ್ಯಕ್ಷರನ್ನು ಆರಿಸುವುದು ಜನರ ಒಟ್ಟು ಮತಗಳಲ್ಲ, ರಾಜ್ಯಗಳಿಗೆ (ಮೂರು ಮಾತ್ರ ರಾಜಧಾನಿಗೆ) ಹಂಚಿದ 538 ಚುನಾಯಕ ಮತಗಳು. ಪ್ರತಿ ರಾಜ್ಯಕ್ಕೂ ಸೆನೆಟಿನ ಲೆಕ್ಕದಲ್ಲಿ ಎರಡು ಖಚಿತ. ಉಳಿದದ್ದು ಕೆಳಮನೆಯಲ್ಲಿ ಅದಕ್ಕಿರುವ ಸೀಟುಗಳಷ್ಟು. ಕೆಳಮನೆಯ ಸೀಟು ಒಟ್ಟು 435. ಐವತ್ತು ರಾಜ್ಯಗಳಿಗೆ ಮೊದಲು ಒಂದೊಂದು. ಮಿಕ್ಕ 385ನ್ನು ಒಂದೊಂದಾಗಿ ಕೊಡುತ್ತಾರೆ. ಪಂಕ್ತಿಯಲ್ಲಿ ಬಡಿಸುವವನೊಬ್ಬ ಪ್ರತಿ ಸಲವೂ ಇಡೀ ಸಾಲನ್ನು ನೋಡಿ, ಯಾರಿಗೆ ಎಲ್ಲರಿಗಿಂತ ಕಡಿಮೆ ಬಿದ್ದಿದೆಯೋ ಅವರ ಎಲೆಗೆ ಒಂದು ಹೋಳಿಗೆ ಹಾಕಿದಂತೆ. ರಾಜ್ಯದ ಜನಸಂಖ್ಯೆಯನ್ನು, ಈಗಿರುವ ಸೀಟು ಮತ್ತು ಮುಂದಿನ ಸೀಟಿನ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿ, ಯಾರ ಉತ್ತರ ದೊಡ್ಡದೋ ಅವರಿಗೆ. 435ನೆಯದು ಮುಗಿದ ಕೂಡಲೇ ಪಾತ್ರೆ ಖಾಲಿ.

ಮಿನ್ನೆಸೋಟಾಕ್ಕೆ ಎಂಟು ಸೀಟು, ಎರಡು ಸೇರಿ ಹತ್ತು ಮತ. ಈ ಸಲ ಎಂಟನೆಯದು ಹೋಗುತ್ತದೆಂದು ಎಲ್ಲರ ಭಯ. ಹೋದರೆ ಹತ್ತು ವರ್ಷ ಒಂಬತ್ತೇ ಮತ. ಒಂದು ತಲೆಯೂ ತಪ್ಪಬಾರದೆಂದು ಗಣತಿ ಇಲಾಖೆ ಫಾರಂ ತುಂಬದ ಮನೆಗಳಿಗೆ ಗಣತಿದಾರರನ್ನು ಕಳಿಸಿತು; ಲೈಲ್ ಅವರಲ್ಲೊಬ್ಬ.

3.

ಲೈಲ್ ಎಂಗೆಬ್ರೆಟ್ಸನ್‌ನನ್ನು ಮೊದಲ ಕರಡಿನಲ್ಲಿ ಒರಟನನ್ನಾಗಿ ಮಾಡಿದ್ದೆ. ಅವನೇ ಒಪ್ಪಲಿಲ್ಲ. ‘ಇಪ್ಪತ್ತೆಂಟು ವರ್ಷ ಬಸ್ ಓಡಿಸಿದೀನಿ. ಒಬ್ಬರ ಮೇಲೂ ರೇಗಿಲ್ಲ. ನಿಮ್ಮ ಕಥೆಗೋಸ್ಕರ ಈಗ ರೇಗಬೇಕಾ?’ ಎಂದ. ಆ ಕರಡನ್ನು ಹರಿದುಹಾಕಿದೆ. ಹಾಗಾಗಿ ಇದರಲ್ಲಿ ಖಳನಾಯಕ ಇಲ್ಲ, ಕ್ಷಮಿಸಿ.

4.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಲೈಲ್ ಮಾಸ್ಕ್ ಹಾಕಿಕೊಂಡು ಮೆಟ್ಟಿಲ ಬಳಿ ನಿಂತ. ಯೂವಾ ನೀರು ಬೇಕಾ ಎಂದಾಗ ಬೇಡ ಎಂದ. ಇನ್ನೊಮ್ಮೆ ಕೇಳಿದಾಗಲೂ ಬೇಡ. ಮೂರನೆಯ ಸಲ, ತೊಂದರೆ ಇಲ್ಲ ಅಂದರೆ, ಎಂದು ಲೋಟ ಪೂರ್ತಿ ಕುಡಿದ. ಇಲ್ಲಿಯ ನಾರ್ವೆ ಮೂಲದವರ ಮರ್ಯಾದೆ ಹಾಗೇ. ಆಮೇಲೆ ‘ಮಿಸೆಸ್ ಥಾವ್’ ಎಂದು ಶುರು ಮಾಡಿದ.

‘ನಾನು ಲೋರ್,’ ಎಂದಳು ಯೂವಾ, ಮಗಳ ಬಾಯಲ್ಲಿ. ‘ಮದುವೆಯಾದ್ರೆ ಹುಟ್ಟಿದ ಕುಲ ಕಳ್ಕೋತಾರಾ? ನಿಮ್ಮಲ್ಲಿ ಹೆಂಗಸ್ರು ಅಷ್ಟು ಸುಲಭವಾಗಿ ಬಿಟ್ಕೊಡ್ತಾರಾ?’

ಲೈಲ್ ತಿದ್ದಿಕೊಂಡ. ಏಪ್ರಿಲ್ ಒಂದರಂದು ಈ ಮನೆಯಲ್ಲಿ ಎಷ್ಟು ಜನ ಇದ್ದಿರಿ ಎಂದು ಕೇಳಿದ. ಪಾ ಕೂ ಅನುವಾದಿಸಿದಳು. ಯೂವಾ ಯೋಚಿಸಲೂ ಇಲ್ಲ. ಮೂರು ಬೆರಳು ತೋರಿಸಿದಳು. ಅವನು ಫೋನಿನಲ್ಲಿ 3 ಒತ್ತಿದ. ಹೆಸರು ಕೇಳಿದ, ಹುಟ್ಟಿದ ದಿನ ಕೇಳಿದ. ಮೂರನೆಯವರು ಈಗ ಕೆಲಸಕ್ಕೆ ಹೋಗಿದ್ದಾರಾ ಎಂದು, ಸುಮ್ಮನೆ ಮಾತಿಗೆಂದು ಕೇಳಿದ.

‘ಇಲ್ಲ. ಅಪ್ಪ ಮಾರ್ಚಲ್ಲಿ ತೀರ್ಕೊಂಡ್ರು,’ ಎಂದಳು ಪಾ ಕೂ.

ಲೈಲ್ ಫೋನ್ ಕೆಳಗಿಳಿಸಿದ. ವಿಷಾದ ಹೇಳಿದ. ಆಮೇಲೆ, ಹಾಗಿದ್ದರೆ ಅವರನ್ನು ಸೇರಿಸುವಂತಿಲ್ಲ, ಆ ದಿನ ಅವರು ಇರಲಿಲ್ಲವಲ್ಲ, ಎಂದ. ಪಾ ಕೂ ಅದನ್ನು ಅನುವಾದಿಸಲಿಲ್ಲ. ಆದರೆ ಮೂವತ್ತು ವರ್ಷ ಈ ಊರಲ್ಲಿದ್ದ ಯೂವಾಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು.

‘ಸೇರಿಸಿ ಅಂತ ನಾನು ಕೇಳ್ಲಿಲ್ಲ. ಅವತ್ತು ಯಾರಿದ್ರು ಅಂತ ನೀವು ಕೇಳಿದ್ರಿ. ಬಂದಿದ್ರು. ದಾರಿ ಸಿಕ್ಕಿತ್ತು ಅವರಿಗೆ. ಇಲ್ಲೇ ಕೂತು ಊಟ ಮಾಡಿದ್ರು.’

ಲೈಲ್ ಅವಳು ತೋರಿಸಿದ ಕುರ್ಚಿಯನ್ನು ಬಾಗಿಲಿನಿಂದಲೇ ನೋಡಿದ. ನೋಡುತ್ತೇನೆ ಎಂದಷ್ಟೇ ಹೇಳಿ ಕಾರಿಗೆ ಹೋದ. ನಲವತ್ತು ನಿಮಿಷ ಕಾರು ಹೊರಡಲಿಲ್ಲ. ಕಿಟಕಿಯಲ್ಲಿ ಯೂವಾ ನಿಂತೇ ಇದ್ದಳು.

5.

ನನ್ನ ಕೈಯಲ್ಲಿ ಮೂರು ಮುಕ್ತಾಯಗಳಿದ್ದವು.

ಅ) ಲೈಲ್ 3 ಎಂದೇ ಕಳಿಸುತ್ತಾನೆ. ಬರೆದು ಮುಗಿಸುವ ಮೊದಲೇ ಲೈಲ್ ಅಡ್ಡ ಬಂದ. ಪ್ರಮಾಣ ಮಾಡಿ ಈ ಕೆಲಸಕ್ಕೆ ಸೇರಿದ್ದೇನೆ, ಪ್ರತಿ ಬೀದಿಯಲ್ಲೂ ಒಬ್ಬೊಬ್ಬನನ್ನು ಕನಿಕರದಿಂದ ಸೇರಿಸಿದರೆ ಅದು ಎಣಿಕೆಯೇ, ಎಂದ. ನಾನೂ ವಿಜ್ಞಾನ ಓದಿದವನು. ಹೊಡೆದುಹಾಕಿದೆ.

ಆ) 2 ಎಂದು ತಿದ್ದಿ, ಮರಳಿ ಬಂದು ಯೂವಾಗೆ ಹೇಳುತ್ತಾನೆ. ಯೂವಾ ನನ್ನನ್ನೇ ತರಾಟೆಗೆ ತೆಗೆದುಕೊಂಡಳು: ‘ಆ ಹಾಡನ್ನ ಒಂದ್ಸಲ ಅರ್ಧಕ್ಕೆ ನಿಲ್ಲಿಸಿದ್ರಿ. ಅವರು ಮನೆ ತಲುಪಲೇ ಇಲ್ಲ ಅಂತ ಈಗ ಬರೆದೂ ಕೊಡ್ತೀರಾ?’

ಇ) 2 ಎಂದು ತಿದ್ದಿ, ಹೇಳದೆ ಹೋಗುತ್ತಾನೆ. ಇದು ನನಗೆ ಹಿಡಿಸಿತ್ತು. ಆದರೆ ಪಾ ಕೂ ಕೇಳಿದಳು: ‘ಅಮ್ಮ ದಿನಾ ಕೇಳ್ತಾಳೆ. ನಾನೇನು ಹೇಳ್ಲಿ? ನೀವು ಪುಟ ತಿರುಗಿಸ್ಕೊಂಡು ಹೋಗ್ತೀರಿ.’

6.

ಇನ್ನೊಂದು ತಪ್ಪೊಪ್ಪಿಗೆ. ಈ ಕಥೆ ಒಂದೇ ಒಂದು ತಲೆಯ ಮೇಲೆ ನಿಲ್ಲಬೇಕೆಂದು ನನಗೆ ಆಸೆಯಿತ್ತು. ಚೆರ್ ಪಾವ್ ಲೆಕ್ಕಕ್ಕೆ ಬಂದರೆ ಎಂಟನೆಯ ಸೀಟು, ಬರದಿದ್ದರೆ ಇಲ್ಲ. ಮರುವರ್ಷ ಏಪ್ರಿಲ್ 26ರಂದು ಫಲಿತಾಂಶ ಬಂತು. 435ನೆಯ ಸೀಟು, ಅಂದರೆ ಕಟ್ಟಕಡೆಯದು, ಮಿನ್ನೆಸೋಟಾಕ್ಕೇ ಸಿಕ್ಕಿತು. ನ್ಯೂಯಾರ್ಕ್ ಒಂದು ಕಳೆದುಕೊಂಡಿತು. ನಮ್ಮಲ್ಲಿ ಇಪ್ಪತ್ತಾರು ಜನ ಕಡಿಮೆ ಇದ್ದಿದ್ದರೆ ಆ ಸೀಟು ಅವರದ್ದು.

ಕಥೆಗೆ ಬೇಕಿದ್ದದ್ದು ಒಂದು. ದೇಶ ಇಪ್ಪತ್ತಾರು ಕೊಟ್ಟಿತು. ಲೈಲ್ ಏನೇ ಒತ್ತಿದ್ದರೂ ಹತ್ತು ಮತ ಹತ್ತಾಗಿಯೇ ಇರುತ್ತಿದ್ದವು. ವರ್ಗಮೂಲಕ್ಕೆ ಸಂಬಂಧಿಸಿದಂತೆ ಚೆರ್ ಪಾವ್ ಇದ್ದರೂ ಒಂದೇ, ಇರದಿದ್ದರೂ ಒಂದೇ.

(ಈ ಪ್ಯಾರಾ ಬರೆದ ದಿನ ಯೂವಾ ನನ್ನೊಡನೆ ಮಾತಾಡಲಿಲ್ಲ.)

7.

ಹಾಗಾದರೆ ಲೈಲ್ ಏನು ಕಳಿಸಿದ? ನನಗೆ ಗೊತ್ತಿಲ್ಲ. ಬರೆಯುವವನಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ನಗಬಹುದು. ಕೇಳಿ ನೋಡಿದೆ. ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಹೇಳುವುದಿಲ್ಲವೆಂದು ಸಹಿ ಹಾಕಿದ್ದೇನೆ ಎಂದ. ಆ ಸಹಿ ಸಾಯುವವರೆಗೂ ನಡೆಯುತ್ತದೆ. ಮನೆಮನೆಯ ಹಾಳೆಗಳನ್ನು ಈ ದೇಶ ಎಪ್ಪತ್ತೆರಡು ವರ್ಷ ಮುಚ್ಚಿಡುತ್ತದೆ. 2020ರವು ತೆರೆಯುವುದು 2092ರಲ್ಲಿ. ಪಾ ಕೂಗೆ ಆಗ ತೊಂಬತ್ತೊಂದು. ಕಥೆಯನ್ನು ಮುಗಿಸದಿರಲು ಇದಕ್ಕಿಂತ ದೊಡ್ಡ ನೆಪವನ್ನು ನಾನು ಹುಡುಕಿಯೂ ಕಂಡುಕೊಳ್ಳಲಾರೆ.

ಫಲಿತಾಂಶದ ದಿನ ಯೂವಾ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಪಾ ಕೂ ರಾಜ್ಯದ ಜನಸಂಖ್ಯೆಯನ್ನು ಫೋನಿನಿಂದ ಓದಿದಳು. ಯೂವಾ ಕೈ ಒರೆಸಿಕೊಂಡು ಬಂದು, ಇನ್ನೊಂದು ಸಲ ನಿಧಾನವಾಗಿ ಓದು ಎಂದಳು.

‘ಇದರಲ್ಲಿ ನಿಮ್ಮಪ್ಪ ಇದಾರಾ?’

‘ಗೊತ್ತಿಲ್ಲಮ್ಮ. ಯಾರಿಗೂ ಗೊತ್ತಾಗಲ್ಲ.’

‘ಇಲ್ಲ ಅಂತ ಬರೆದಿದಾರಾ?’

‘ಹಾಗೂ ಬರೆದಿಲ್ಲ.’

ಯೂವಾ ಒಂದು ಹಾಳೆ ಹರಿದು ಮಗಳ ಮುಂದಿಟ್ಟಳು, ದೊಡ್ಡದಾಗಿ ಬರಿ ಎಂದಳು. ಮನೆದೇವತೆಗೆಂದು ಗೋಡೆಗೆ ಅಂಟಿಸುವ ಬಂಗಾರದ ಕಾಗದದ ಕೆಳಗೆ ಅದನ್ನು ತಾನೇ ಅಂಟಿಸಿದಳು. ಈಗಲೂ ಅಲ್ಲಿದೆ. ಹಾಳೆಯಲ್ಲಿರುವುದು ಇಷ್ಟೇ: ಮಿನ್ನೆಸೋಟಾ, 57,09,752 ಜನ.