ಇಪ್ಪತ್ತೈದು ಚದರ ಮೀಟರಿನ ಭತ್ತ

ದೇಶಕ್ಕೆ ಈ ವರ್ಷ ಅನ್ನ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಇರುವುದು ಮಂತ್ರಿಗಳ ಬಾಯಲ್ಲಲ್ಲ, ತನ್ನ ಚೀಲದೊಳಗಿನ ಹಗ್ಗದಲ್ಲಿ ಎಂದು ಸರಾಸರಿ ಹೇಳುತ್ತಿದ್ದ. ಸರಾಸರಿ ಎಂಬುದು ಕಚೇರಿಯವರು ಇಟ್ಟ ಹೆಸರು. ಬೆಳೆ ಅಂದಾಜಿನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ್ದ ಅವನು ‘ಊಟ ಹೇಗಿತ್ತು’ ಎಂದು ಕೇಳಿದರೂ ‘ಸರಾಸರಿಗಿಂತ ಒಂದು ಕೂದಲು ಮೇಲೆ’ ಅನ್ನುವ ಆಸಾಮಿ. ಮದುವೆಗೆ ಹುಡುಗಿ ನೋಡಿ ಬಂದಾಗಲೂ ಅದನ್ನೇ ಅಂದಿದ್ದನಂತೆ. ಹೆಂಡತಿ ಇನ್ನೂ ಮರೆತಿಲ್ಲ.

ಹಗ್ಗದ ಮಾತಿನಲ್ಲಿ ಉತ್ಪ್ರೇಕ್ಷೆ ಕಡಿಮೆ. ಕೊಯ್ಲಿಗೆ ಮುಂಚೆ ಪ್ರತಿ ಊರಿನಲ್ಲೂ ಚೀಟಿ ಎತ್ತಿ ನಾಲ್ಕು ಗದ್ದೆ ಆರಿಸುತ್ತಾರೆ. ಗದ್ದೆಯ ಮೂಲೆಯಿಂದ ಎಷ್ಟು ಹೆಜ್ಜೆ ಉದ್ದಕ್ಕೆ, ಎಷ್ಟು ಅಡ್ಡಕ್ಕೆ ಎಂಬುದಕ್ಕೂ ಚೀಟಿಯೇ. ಹೆಜ್ಜೆ ಮುಗಿದಲ್ಲಿ ಗೂಟ ಹೊಡೆದು, ಹಗ್ಗ ಬಿಗಿದು, ಐದು ಮೀಟರಿಗೆ ಐದು ಮೀಟರಿನ ಚೌಕ ಮಾಡಬೇಕು. ಅದರೊಳಗಿನ ಪೈರನ್ನಷ್ಟೇ ಕೊಯ್ದು, ಬಡಿದು, ತೂರಿ, ತೂಗಬೇಕು. ಚೌಕದ ಹೊರಗೆ ಚಿನ್ನದ ತೆನೆ ಇದ್ದರೂ ಮುಟ್ಟುವಂತಿಲ್ಲ, ಒಳಗೆ ಬರೀ ಕಳೆ ಇದ್ದರೂ ಬಿಡುವಂತಿಲ್ಲ. ಆ ತೂಕ ಊರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜಧಾನಿಗೆ ಹೋಗಿ, ಲಕ್ಷಾಂತರ ಹೆಕ್ಟೇರುಗಳಿಂದ ಗುಣಿಸಿಕೊಂಡು ಉಬ್ಬುತ್ತದೆ. ಅಕ್ಕಿಯನ್ನು ಹಡಗಿಗೆ ಹೇರುವುದೋ ಹಡಗಿನಿಂದ ಇಳಿಸುವುದೋ ಎಂದು ತೀರ್ಮಾನವಾಗುವುದು ಅದರಿಂದ. ರಾಷ್ಟ್ರದ ಆದಾಯದಲ್ಲಿ ಕೃಷಿಯ ಪಾಲು ಇಷ್ಟು ಎಂದು ದಪ್ಪ ಪುಸ್ತಕದಲ್ಲಿ ಅಚ್ಚಾಗುವುದೂ ಅದರಿಂದಲೇ. ಆ ಪುಸ್ತಕದ ಒಂದು ಪ್ರತಿ ಸರಾಸರಿಯ ಮನೆಯಲ್ಲಿತ್ತು. ಮುರಿದ ಮೇಜಿನ ಕಾಲಿಗೆ ಆಸರೆಯಾಗಿತ್ತು ಎನ್ನುವುದು ಬೇರೆ ಮಾತು.

ಈ ವರ್ಷ ಚೀಟಿಯಲ್ಲಿ ಅವನ ಅಕ್ಕನ ಗದ್ದೆ ಬಂತು.

ಅಕ್ಕ ಅಂದರೆ ತಾಯಿ ಹೋದ ಮೇಲೆ ಅವನ ಮೂಗು ಒರೆಸಿ, ಮಗ್ಗಿ ಬಾಯಿಪಾಠ ಮಾಡಿಸಿ, ಮನುಷ್ಯನನ್ನಾಗಿ ಮಾಡಿದವಳು. ಬಂಧುಗಳ ಗದ್ದೆ ಬಂದರೆ ಬೇರೆಯವರನ್ನು ಕಳಿಸಬೇಕೆಂದು ನಿಯಮವೇನೂ ಇರಲಿಲ್ಲ. ಉಳಿದ ಮೂರು ಗದ್ದೆಗಳನ್ನು ಸಹೋದ್ಯೋಗಿಗೆ ಬಿಟ್ಟು ಅಕ್ಕನದನ್ನು ತಾನೇ ಇಟ್ಟುಕೊಂಡು ಹೊರಟ. ಕೆಲಸಕ್ಕೆ ಕೆಲಸವೂ ಆಯಿತು, ನೆಂಟಸ್ತಿಕೆಯೂ ಆಯಿತು.

ಜಗಲಿಯಲ್ಲಿ ಕೂತಿದ್ದ ಭಾವ ದೂರದಿಂದಲೇ ಕೂಗಿದ. “ಸಾಹೇಬ್ರು ಬಂದ್ರು ಕಣೇ! ಗದ್ದೇಗೆ ಎದ್ದು ನಿಂತ್ಕೊಳ್ಳೋಕೆ ಹೇಳು!”

“ಅದು ಆಗ್ಲೇ ನಿಂತಿದೆ,” ಅಂದಳು ಅಕ್ಕ ಒಳಗಿನಿಂದ. ಅವಳ ದನಿಯಲ್ಲಿ ನಗು ಇರಲಿಲ್ಲ. ಅದು ಅವನಿಗೆ ಹೊಳೆದದ್ದು ಬಹಳ ತಡವಾಗಿ.

ಊಟವಾಯಿತು. ಅಕ್ಕ ಬೇಡಬೇಡವೆಂದರೂ ಬಡಿಸುವವಳು, ಅವನು ಬೇಡಬೇಡವೆನ್ನುತ್ತಲೇ ಉಣ್ಣುವವನು. ಉಣ್ಣುತ್ತ ತನ್ನ ವಿದ್ಯೆ ಪ್ರದರ್ಶಿಸಿದ. “ನೋಡಕ್ಕಾ, ನಿಮ್ಮ ಗದ್ದೇಗೆ ಬಂದಿರೋ ಚೀಟಿ ಮೂವತ್ತೇಳು, ಹನ್ನೆರಡು. ಪಡುವಣ ಮೂಲೆಯಿಂದ ಮೂವತ್ತೇಳು ಹೆಜ್ಜೆ ಉದ್ದಕ್ಕೆ, ಹನ್ನೆರಡು ಅಡ್ಡಕ್ಕೆ. ಬ್ರಹ್ಮ ಬಂದ್ರೂ ಜಾಗ ಬದಲಾಯಿಸೋ ಹಾಗಿಲ್ಲ.”

“ನೀನು ಬಂದ್ರೆ ಸಾಕು, ಬ್ರಹ್ಮ ಯಾಕೆ,” ಅಂದಳು ಅಕ್ಕ. “ಬಿಸಿಲು ಇಳೀಲಿ, ಹೋಗಿ ನೋಡ್ಕೊಂಡು ಬಾ. ನೋಡ್ಬೇಕು ನೀನು.”

ಕಿಟಕಿಯಿಂದಲೇ ಗದ್ದೆ ಕಾಣುತ್ತಿತ್ತು. ಹೊಂಬಣ್ಣದ ಪೈರು, ಒಂದೊಂದು ತೆನೆಯೂ ಕವಾಯತಿಗೆ ನಿಂತ ಸಿಪಾಯಿಯ ಹಾಗೆ ನೆಟ್ಟಗೆ ತಲೆಯೆತ್ತಿ ನಿಂತಿತ್ತು. ಸುತ್ತಲಿನ ಯಾರ ಗದ್ದೆಗೂ ಇಲ್ಲದ ಠೀವಿ ಎನ್ನಿಸಿತು ಅವನಿಗೆ. ಅವನ ಎದೆ ಉಬ್ಬಿತು. ನಮ್ಮ ಅಕ್ಕನದು! ಹೊಟ್ಟೆ ಭಾರವಾಗಿತ್ತು, ಚಾಪೆ ತಣ್ಣಗಿತ್ತು. ಎಚ್ಚರವಾದಾಗ ಕೊನೆಯ ಬಸ್ಸಿಗೆ ಅರ್ಧ ಗಂಟೆ ಉಳಿದಿತ್ತು.

“ನಾಳೆ ಬಂದು ಕೊಯ್ತೀನಿ ಅಕ್ಕಾ. ಹಗ್ಗ, ಗೂಟ ಇಲ್ಲೇ ಇರ್ಲಿ.”

“ನಾಳೆ ಅಂದ್ರೆ ನಾಳೇನಾ, ಇಲ್ಲ ನಿನ್ನ ಲೆಕ್ಕದ ನಾಳೇನಾ?” ಭಾವ ಕೇಳಿದ.

“ಅಯ್ಯೋ, ನಾಳೇನೇ ಭಾವ.”

ನಾಳೆ ಕಚೇರಿಯಲ್ಲಿ ಸಭೆ. ನಾಡಿದ್ದು ಹಲ್ಲುನೋವು. ಆಮೇಲಿನ ದಿನ ಸಂಜೆಯೊಳಗೆ ತೂಕ ತುಂಬಿದ ನಮೂನೆಗಳನ್ನು ಕಳಿಸಲೇಬೇಕೆಂದು ಮೇಲಿನಿಂದ ಗದರಿಕೆ ಬಂತು. ಸರಾಸರಿ ಮೇಜಿನ ಮುಂದೆ ಕೂತು ಕಣ್ಣು ಮುಚ್ಚಿದ. ಆ ನೆಟ್ಟಗೆ ನಿಂತ ತೆನೆಗಳು ಕಂಡವು. ಹೋದ ವರ್ಷ ಆ ಊರಿನ ಚೌಕಕ್ಕೆ ಹತ್ತೂವರೆ ಕಿಲೋ ಬಂದಿತ್ತು. ಅಕ್ಕನದಲ್ಲವೇ, ಸ್ವಲ್ಪ ಮೇಲಿರಲಿ. ಹನ್ನೆರಡು ಕಿಲೋ ಆರುನೂರ ಮೂವತ್ತೈದು ಗ್ರಾಂ ಎಂದು ಬರೆದ. ಆರುನೂರು ಎಂದು ಬರೆದರೆ ಸುಳ್ಳು ಅನ್ನಿಸುತ್ತದೆ. ಮೂವತ್ತೈದು ಗ್ರಾಂ ಸೇರಿದರೆ ಅದಕ್ಕೆ ಬೆವರಿನ ವಾಸನೆ ಬರುತ್ತದೆ. ಇಪ್ಪತ್ತೆರಡು ವರ್ಷದ ಅನುಭವ ಸುಮ್ಮನೆ ಹೋಗುತ್ತದೆಯೇ?

ಸಂಜೆ ಸಹೋದ್ಯೋಗಿ ತನ್ನ ಮೂರು ನಮೂನೆ ತಂದು ಪಕ್ಕಕ್ಕಿಟ್ಟ. ನಾಲ್ಕು ಕಿಲೋ ಇನ್ನೂರು. ಮೂರು ಕಿಲೋ ಒಂಬೈನೂರು. ನಾಲ್ಕೂವರೆ.

“ಇದೇನಯ್ಯ, ತಕ್ಕಡಿ ಕೆಟ್ಟಿತ್ತಾ?”

“ತಕ್ಕಡಿಯಲ್ಲ ಸಾರ್, ಪೈರು ಕೆಟ್ಟಿದೆ. ಹೂ ಬಿಡೋ ಹೊತ್ತಿಗೆ ಒಂದು ವಾರ ಶೀತಗಾಳಿ ಬೀಸ್ತಲ್ಲ, ಕಾಳೇ ಕಟ್ಟಿಲ್ಲ. ಬರೀ ಜೊಳ್ಳು. ದೂರದಿಂದ ನೋಡಿದ್ರೆ ಎಷ್ಟು ಚೆನ್ನಾಗಿದೆ ಅನ್ಸುತ್ತೆ. ಭಾರವೇ ಇಲ್ವಲ್ಲ, ತೆನೆ ನೆಟ್ಟಗೆ ನಿಂತ್ಬಿಟ್ಟಿದೆ.”

ಕಾಳು ತುಂಬಿದ ತೆನೆ ತಲೆ ಬಾಗುತ್ತದೆ. ಇದನ್ನು ತಿಳಿಯಲು ಇಲಾಖೆ ಬೇಡ, ಹಗ್ಗ ಬೇಡ, ಅಂಗಳದಲ್ಲಿ ಆಡುವ ಕೂಸಿಗೂ ಗೊತ್ತು. ಆ ಕೂಸಿಗೆ ಗೊತ್ತಿದ್ದದ್ದನ್ನು ಮರೆತು ಸರಾಸರಿ ಕಿಟಕಿಯಲ್ಲಿ ನಿಂತು ನೋಡಿ ಹೆಮ್ಮೆಪಟ್ಟಿದ್ದ. ನಮೂನೆ ಇನ್ನೂ ಅವನ ಕೈಯಲ್ಲೇ ಇತ್ತು. ಹರಿಯಬಹುದಿತ್ತು. ಹರಿದರೆ ಯಾಕೆ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಜವಾನ ಬಂದು, “ಕೊಡಿ ಸಾರ್, ಟಪಾಲು ಹೊರಟಿದೆ,” ಅಂದ. ಕೊಟ್ಟ.

ಆಮೇಲೆ ಮೂರು ತಿಂಗಳು ಅಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ. ಅಕ್ಕ ಎರಡು ಸಲ ಫೋನ್ ಮಾಡಿದಳು. “ಬಾರೋ, ನಿನ್ನ ಸಾಮಾನು ಇಲ್ಲೇ ಇದೆ.”

“ಇನ್ನೊಂದು ಹಗ್ಗ ಇದೆ ಬಿಡಕ್ಕ. ಕೆಲಸ, ಪುರುಸೊತ್ತೇ ಇಲ್ಲ.”

“ಹಗ್ಗ ಅಲ್ಲ ಕಣೋ...” ಅಂದಳು. ಅವನು ಆಗಲೇ ಫೋನ್ ಇಟ್ಟಿದ್ದ.

ಜೊಳ್ಳಾದ ಊರುಗಳಿಗೆಲ್ಲ ಮುಂದಿನ ಬಿತ್ತನೆಗೆ ಸರ್ಕಾರ ಬೀಜ ಕೊಡುವುದೆಂದು ತೀರ್ಮಾನವಾಯಿತು. ಜೊಳ್ಳನ್ನು ಬಿತ್ತಿದರೆ ಮೊಳೆಯುವುದಿಲ್ಲವಷ್ಟೆ. ಚೌಕಕ್ಕೆ ಆರು ಕಿಲೋದ ಕೆಳಗೆ ಸರಾಸರಿ ತೂಕ ಬಂದ ಊರಿಗೆ ಮಾತ್ರ ಬೀಜ. ಅಕ್ಕನ ಊರಿನ ಸರಾಸರಿ ಆರು ಕಿಲೋ ಮುನ್ನೂರ ಒಂಬತ್ತು ಗ್ರಾಂ. ಮೂರು ಬಡಕಲು ಸತ್ಯಗಳ ನಡುವೆ ಒಂದು ದಪ್ಪ ಸುಳ್ಳು ಕೂತು ಊರನ್ನೇ ಗೆರೆಯ ಮೇಲಕ್ಕೆ ಎತ್ತಿಬಿಟ್ಟಿತ್ತು.

ಊರಿನವರು ಅರ್ಜಿ ಹಾಕಿದರು. ಮೇಲಧಿಕಾರಿಯಾಗಿ ಹೊಸದಾಗಿ ಬಂದಿದ್ದ ಮೇಡಂ ಖುದ್ದಾಗಿ ಊರಿಗೆ ಹೊರಟರು. ಸರಾಸರಿಯನ್ನೂ ಜೀಪಿನಲ್ಲಿ ಕೂರಿಸಿಕೊಂಡರು. ಪುಣ್ಯಕ್ಕೋ ಪಾಪಕ್ಕೋ ಅವರಿಗೆ ಅನುಮಾನವೇ ಇರಲಿಲ್ಲ, ಇದ್ದದ್ದು ಬರೀ ಉತ್ಸಾಹ. “ಅಂಥ ಗಾಳಿಯಲ್ಲಿ ಹನ್ನೆರಡೂವರೆ ಕಿಲೋ! ಆ ಹೆಂಗಸು ಏನೋ ಮಾಡಿದ್ದಾರೆ. ಅದೇನು ಅಂತ ಗೊತ್ತಾದ್ರೆ ದೇಶಕ್ಕೇ ಉಪಯೋಗ.”

ಶಾಲೆಯ ಕೋಣೆಯಲ್ಲಿ ಸಭೆ. ದೊಡ್ಡವರೆಲ್ಲ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತಿದ್ದರು. ಅಕ್ಕ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಭಾವ. ಮೇಡಂ ಆ ಅಂಕಿಯನ್ನು ಗಟ್ಟಿಯಾಗಿ ಓದಿದರು. ಆಮೇಲೆ ಹಿಂದಿನ ಸಾಲಿನಿಂದ ದರ್ಜಿ ಬಾಯಿಬಿಟ್ಟ. ಅಕ್ಕನ ಗದ್ದೆಗೆ ತಾಗಿ ಅವನದೂ ಒಂದು ತುಂಡು ಗದ್ದೆಯಿತ್ತು.

“ಮೇಡಂ, ನಾನು ಅಳತೆ ತಗೊಳ್ಳದೆ ಒಂದು ಅಂಗಿ ಹೊಲಿದ್ರೆ ಜನ ಅದೇ ಅಂಗೀಲಿ ನನ್ನ ಕತ್ತು ಬಿಗೀತಾರೆ. ಇವರು ದೇಶಕ್ಕೆ ಹೊಲಿದಿದ್ದಾರೆ. ಅವತ್ತು ಇವರ ಹಗ್ಗ ಚೀಲದಿಂದ ಆಚೆ ಬಂದಿದ್ದನ್ನ ನಾನಂತೂ ನೋಡ್ಲಿಲ್ಲ.”

ಮೇಡಂ ಸರಾಸರಿಯ ಕಡೆ ತಿರುಗಿದರು. ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದಳು.

“ಬಂದಿತ್ತು,” ಅಂದಳು. “ನಮ್ಮ ಗದ್ದೇಲಿ ಅಷ್ಟು ಬಂದಿದ್ದು ನಿಜ. ಬದುವಿನ ಮೇಲೆ ಮರಗಳಿವೆ, ಗಾಳಿ ತಡೀತು.”

ಇಡೀ ಜನ್ಮದಲ್ಲಿ ಅಕ್ಕ ಆಡಿದ ಮೊದಲ ಸುಳ್ಳು ಅದಿರಬೇಕು. ಅಭ್ಯಾಸವಿಲ್ಲದ್ದರಿಂದ ದನಿ ತೀರ ಗಟ್ಟಿಯಾಗಿತ್ತು. ಭಾವ ಕೆಮ್ಮಿದ. ಮೇಡಂ ಮಾತ್ರ ಪುಸ್ತಕ ಬಿಡಿಸಿ, “ಬೀಜ ಯಾವುದಮ್ಮಾ?” ಎಂದು ಕೇಳಿದರು.

“ನಮ್ಮದೇ... ಹಳೇದು.”

“ಹಾಗಾದ್ರೆ ಒಳ್ಳೇದೇ ಆಯ್ತಲ್ಲ! ಹೊರಗಿನ ಬೀಜ ಯಾಕೆ? ಗಾಳಿ ತಡೆದ ಬೀಜ ಊರಲ್ಲೇ ಇದೆ. ನೀವೇ ಎಲ್ಲರಿಗೂ ಹಂಚಿ, ಇಲಾಖೆ ನಿಮಗೆ ಬದಲಿ ಭತ್ತ ಕೊಡುತ್ತೆ.”

ಬೆಂಚುಗಳು ಕಿರುಗುಟ್ಟಿದವು. ಇಡೀ ಊರು ಅಕ್ಕನನ್ನು ನೋಡಿತು. ಅವರ ಮನೆಯ ಕಣಜದಲ್ಲಿ ಏನಿದೆ ಎಂಬುದು ಎಲ್ಲರಿಗೂ ಗೊತ್ತು, ಎಲ್ಲರ ಮನೆಯಲ್ಲಿರುವ ಜೊಳ್ಳೇ. ಹಿಂದಿನಿಂದ ಯಾರೋ ಮೆಲ್ಲಗೆ, “ಕೊಡಿ ಅಕ್ಕಾ, ನಮ್ಗೂ ಒಂದು ಮೂಟೆ,” ಅಂದರು. ಯಾರೂ ನಗಲಿಲ್ಲ. ಅಕ್ಕನ ಕೈ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿತ್ತು. ಚಿಕ್ಕಂದಿನಲ್ಲಿ ಅವನು ಮಗ್ಗಿ ತಪ್ಪಿದಾಗ ಮೇಷ್ಟ್ರ ಮುಂದೆ ಅವಳು ಹೀಗೆಯೇ ನಿಂತಿದ್ದಳು.

“ಮೇಡಂ,” ಅಂದ ಸರಾಸರಿ. “ಮೇಡಂ, ನಾನು ಗದ್ದೇಗೆ ಇಳೀಲೇ ಇಲ್ಲ. ಊಟ ಮಾಡಿ ಮಲಗಿದ್ದೆ. ಅಂಕಿ ಕಚೇರೀಲಿ ಕೂತು ಬರೆದದ್ದು. ಅಕ್ಕಂದು ತಪ್ಪಿಲ್ಲ.”

ಹೇಳಿದರೆ ಹಗುರವಾಗುತ್ತದೆ ಎಂದು ಕೇಳಿದ್ದ. ಹಾಗೇನೂ ಆಗಲಿಲ್ಲ. ‘ಮಲಗಿದ್ದೆ’ ಎಂಬ ಮಾತು ಆ ಕೋಣೆಯಲ್ಲಿ ಅವನಿಗಿಂತ ದೊಡ್ಡದಾಗಿ ನಿಂತಿತು.

“ಮೂವತ್ತೈದು ಗ್ರಾಂ?” ಮೇಡಂ ಕೇಳಿದರು. “ಆ ಮೂವತ್ತೈದು ಎಲ್ಲಿಂದ ಬಂತು?”

ಅವನು ತಲೆ ತಗ್ಗಿಸಿದ. ದರ್ಜಿ ಹೇಳಿದ, “ಗುಂಡಿ ಹೊಲಿದದ್ದು ಮೇಡಂ, ಚೆಂದಕ್ಕೆ.”

ಮೇಡಂ ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. “ನಿಮ್ಮ ವಿಚಾರ ಕಚೇರಿಯಲ್ಲಿ ನೋಡೋಣ. ಈಗ ಈ ಊರಿಗೆ ನಾನೇನು ಮಾಡ್ಲಿ? ಈ ಕಾಲಂನಲ್ಲಿ ‘ತಪ್ಪಾಯ್ತು’ ಅಂತ ಬರೆಯೋಕಾಗಲ್ಲ. ತೂಕ ಬೇಕು. ಗದ್ದೆ ಕೊಯ್ದು ಮೂರು ತಿಂಗಳಾಯ್ತು. ನಾಲ್ಕು ತೂಕ ಇಲ್ದೆ ಸರಾಸರಿ ಇಲ್ಲ, ಸರಾಸರಿ ಇಲ್ದೆ ಬೀಜ ಇಲ್ಲ.”

ಅಕ್ಕ ಭಾವನ ಕಿವಿಯಲ್ಲಿ ಏನೋ ಹೇಳಿದಳು. ಭಾವ ಎದ್ದು ಹೋದ. ಶಾಲೆಯ ಎದುರುಗಡೆಯೇ ಅವರ ಮನೆ. ಹಿಂತಿರುಗಿದಾಗ ಒಂದು ಕೈಯಲ್ಲಿ ಸರಾಸರಿಯ ಹಳೆಯ ಚೀಲ, ಇನ್ನೊಂದರಲ್ಲಿ ಬಿಳಿ ಬಟ್ಟೆಯ ಗಂಟು. ಗಂಟಿನ ಮೇಲೆ ಮಸಿಯಲ್ಲಿ ತಾರೀಖು ಬರೆದಿತ್ತು. ಕೆಳಗೆ ‘ಮೂವತ್ತೇಳು, ಹನ್ನೆರಡು’.

“ಇವನು ನಾಳೆ ಬರ್ತೀನಿ ಅಂದಿದ್ದ,” ಅಂದಳು ಅಕ್ಕ, ಮೇಡಂಗೆ; ತಮ್ಮನ ಕಡೆ ನೋಡದೆ. “ನಾಲ್ಕು ದಿನ ಕಾದ್ವಿ. ಪಕ್ಕದ ಗದ್ದೆ ಎಲ್ಲಾ ಕೊಯ್ಲಾಯ್ತು. ಆಮೇಲೆ ನಾವೇ ಇವನು ಹೇಳಿದ ಹಾಗೆ ಹೆಜ್ಜೆ ಎಣಿಸಿ, ಇವನ ಹಗ್ಗ ಕಟ್ಟಿ ಆ ಚೌಕ ಬೇರೆ ಕೊಯ್ದು ಇಟ್ವಿ. ಬಂದಾಗ ತೂಗ್ಲಿ ಅಂತ. ಇಲಿ ಮುಟ್ಟದ ಹಾಗೆ ತೊಲೆಗೆ ನೇತು ಹಾಕಿದ್ದೆ. ಎರಡು ಸಲ ಫೋನೂ ಮಾಡ್ದೆ.”

ದರ್ಜಿ ಕೂತಲ್ಲಿಂದಲೇ ಕತ್ತು ಚಾಚಿ ಗಂಟನ್ನು ನೋಡಿದ.

ಅಳೆಯುವ ನೌಕರನೇ ತೂಗಿ ಗಟ್ಟಿಯಾಗಿ ಓದಬೇಕೆಂಬುದು ನಿಯಮ. ಜೀಪಿನಿಂದ ತಕ್ಕಡಿ ತಂದರು. ಸರಾಸರಿ ಗಂಟು ಬಿಚ್ಚಿದ. ಅಕ್ಕ ಹಾಕಿದ ಗಂಟು. ಅವನ ಶಾಲೆಯ ಬುತ್ತಿಗೆ ಹಾಕುತ್ತಿದ್ದ ಅದೇ ಗಂಟು, ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಆದರೂ ಅವನ ಬೆರಳಿಗೆ ಬಹಳ ಹೊತ್ತು ಹಿಡಿಯಿತು. ಭತ್ತವನ್ನು ತೂರಿ, ಜೊಳ್ಳು ತೆಗೆದು, ಕಾಳನ್ನಷ್ಟೇ ಕಟ್ಟಿದ್ದಳು. ತಕ್ಕಡಿಯ ಮುಳ್ಳು ಅಲುಗಾಡಿ ನಿಂತಿತು.

“ಮೂರು ಕಿಲೋ,” ಅಂದ.

“ಕೇಳಿಸ್ಲಿಲ್ಲ,” ಹಿಂದಿನ ಸಾಲು.

“ಮೂರು ಕಿಲೋ ಎಂಟುನೂರ ಹತ್ತು ಗ್ರಾಂ.”

ಮೇಡಂ ಬರೆದುಕೊಂಡರು, ಕೂಡಿದರು, ನಾಲ್ಕರಿಂದ ಭಾಗಿಸಿದರು. “ನಾಲ್ಕು ಕಿಲೋ ಚಿಲ್ಲರೆ. ಒಣಗಿ ನೂರಿನ್ನೂರು ಗ್ರಾಂ ಕಡಿಮೆಯಾಗಿರಬಹುದು, ಆದ್ರೂ ಗೆರೆಯ ಕೆಳಗೇ. ಬೀಜ ಬರುತ್ತೆ.” ರಾಜಧಾನಿಯ ದಪ್ಪ ಪುಸ್ತಕ ಆಗಲೇ ಅಚ್ಚಾಗಿದೆ, ಅದರಲ್ಲಿ ಬದಲಾಗುವುದಿಲ್ಲ ಎಂದೂ ಸೇರಿಸಿದರು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಸರಾಸರಿಯ ಹೊರತು.

ಜನ ಎದ್ದರು. ಅಕ್ಕನ ಹತ್ತಿರ ಬಂದು ಮಾತಾಡಿಸಿದರು. ಅವನ ಹತ್ತಿರ ಬಂದವರು ಅವನಿಗೆ ಸುತ್ತು ಹಾಕಿ ಬಾಗಿಲಿಗೆ ಹೋದರು. ಅಕ್ಕ ಭತ್ತವನ್ನು ಒಂದು ಕಾಳೂ ಬೀಳದ ಹಾಗೆ ಮತ್ತೆ ಗಂಟು ಕಟ್ಟಿದಳು. ಆಮೇಲೆ ಚೀಲವನ್ನು ಅವನ ಕಾಲ ಬಳಿ ಇಟ್ಟಳು.

“ಅಕ್ಕಾ...”

“ಎಲ್ಲರ ಮುಂದೆ ಸುಳ್ಳು ಹೇಳ್ಸಿದೆಯಲ್ಲೋ,” ಅಂದಳು. ಬೈದ ಹಾಗಿರಲಿಲ್ಲ. ಬೈದಿದ್ದರೆ ಅವನು ಅಳಬಹುದಿತ್ತು. “ಜೀಪು ಹೊರಡುತ್ತೆ ನೋಡು. ಊಟ ಮಾಡಿದ್ಯಾ?”

“ಆಯ್ತು,” ಅಂದ. ಆಗಿರಲಿಲ್ಲ. ಆ ಸುಳ್ಳು ಅವಳಿಗೆ ಗೊತ್ತಾಯಿತು, ಗೊತ್ತಾದದ್ದು ಅವನಿಗೂ ಗೊತ್ತಾಯಿತು. ಆದರೆ ಅಕ್ಕ ಇವತ್ತು ಬಾ ಎಂದು ಕರೆಯಲಿಲ್ಲ. ಗಂಟನ್ನು ಸೊಂಟಕ್ಕೆ ಒತ್ತಿಕೊಂಡು ರಸ್ತೆ ದಾಟಿ ಹೋದಳು.

ಜೀಪಿನಲ್ಲಿ ಕೂತು ಅವನು ಚೀಲ ತೆರೆದ. ನಾಲ್ಕು ಗೂಟಗಳನ್ನೂ ಮಣ್ಣು ತೊಳೆದು ಒಣಗಿಸಿ ಇಟ್ಟಿದ್ದರು. ಹಗ್ಗ ಒಂದು ಕಡೆ ಸವೆದು ಎಳೆ ಬಿಟ್ಟಿತ್ತು, ವರ್ಷದಿಂದ ಅವನೇ ನೋಡಿ ಬಿಟ್ಟಿದ್ದದ್ದು. ಅಲ್ಲಿ ಯಾರೋ ಒತ್ತೊತ್ತಾಗಿ ದಾರ ಸುತ್ತಿ ಗಟ್ಟಿ ಮಾಡಿದ್ದರು.