ಹತ್ತಿಯ ಬಸಿರು

ಮರ್ಯಾದಸ್ಥರ ಮನೆಯಲ್ಲಿ ಬಸುರಿಯಾಗುವುದಕ್ಕೆ ಗರ್ಭವೇ ಬೇಕೆಂದೇನಿಲ್ಲ. ನಾಲ್ಕು ಹಿಡಿ ಹತ್ತಿ, ಒಂದು ಮೊಳ ಬಟ್ಟೆ, ಒಬ್ಬ ಅತ್ತೆ ಇದ್ದರೆ ಸಾಕು. ಬೀದಿಯ ತಿರುವಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಸೊಸೆ ತನ್ನ ಬಸಿರನ್ನು ತಾನೇ ಹೊಲಿದುಕೊಂಡಿದ್ದಳು. ತಿಂಗಳು ತಿಂಗಳೂ ಅತ್ತೆ ಅದರ ಹೊಲಿಗೆ ಬಿಚ್ಚಿಸಿ, ಇನ್ನಷ್ಟು ಹತ್ತಿ ತುರುಕಿಸಿ, ದೂರ ನಿಂತು ನೋಡಿ, "ಬಲಗಡೆ ಸ್ವಲ್ಪ ಜಾಸ್ತಿ ಆಯ್ತು ನೋಡು" ಎನ್ನುತ್ತಿದ್ದರು. ಆಮೇಲೆ ಕಿಟಕಿಯ ಬಳಿ ಹೋಗಿ ನೆರೆಯವರಿಗೆ ಕೇಳುವಂತೆ, "ಭಾರ ಎತ್ತಬೇಡಮ್ಮಾ!" ಎಂದು ಕೂಗುತ್ತಿದ್ದರು.

ಮದುವೆಯಾಗಿ ವರ್ಷಗಳು ಕಳೆದರೂ ಮಗುವಾಗಿರಲಿಲ್ಲ. ಸೊಸೆ ಒಮ್ಮೆ ಧೈರ್ಯ ಮಾಡಿ ಹೇಳಿದ್ದಳು: "ಅತ್ತೆ, ಸರ್ಕಾರಕ್ಕೆ ಅರ್ಜಿ ಹಾಕಿ ದತ್ತು ತಗೊಳ್ಳೋಣ. ಸ್ವಲ್ಪ ಕಾಯ್ಬೇಕು, ಅಷ್ಟೆ. ಅವರೇ ಮನೆಗೆ ಬಂದು ವಿಚಾರಿಸ್ತಾರಂತೆ."

"ಮನೆಗೆ ಬರ್ತಾರಾ?" ಅತ್ತೆ ಹೌಹಾರಿದರು. "ಊರಿಗೆಲ್ಲ ಡಂಗುರ ಹೊಡೆಸಿ ಮಗು ತರ್ತೀಯಾ? ನಮ್ಮ ವಂಶದ ಮಾನ ಏನಾಗ್ಬೇಕು?"

ಈ ವಂಶದ ಮಾನ ಎಂಥ ವಿಚಿತ್ರ ವಸ್ತುವೋ! ಸುಳ್ಳು ಹೇಳಿದರೆ ಉಳಿಯುತ್ತದೆ, ನಿಜ ಹೇಳಿದರೆ ಹೋಗುತ್ತದೆ. ಗಂಡನೋ, ಬಾಯಲ್ಲಿ ಬೆರಳಿಟ್ಟರೂ ಕಚ್ಚದವನು. ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡ.

ಅತ್ತೆ ಹುಡುಕಿ ತಂದದ್ದು ಒಬ್ಬ ದಲ್ಲಾಳಿಯನ್ನು. ಹಿಂದೆ ಯಾವುದೋ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಗಿರಾಕಿಗಳ ಬಾಯಲ್ಲಿ 'ಪುಣ್ಯಾತ್ಗಿತ್ತಿ'. "ಕ್ಯಾಂಟೀನಲ್ಲಿ ಪಾತ್ರೆ ತೊಳೆಯೋ ಹುಡುಗಿ. ಕೆನ್ನೆ ಮೇಲೆ ಸುಟ್ಟ ಗಾಯ ಇದೆ, ಮಗು ಮಾತ್ರ ಚೆನ್ನಾಗಿರುತ್ತೆ ಬಿಡಿ. ತಾನಾಗೇ ಒಪ್ಪಿ ಕೊಡ್ತಿದಾಳೆ. ಜನನ ಪ್ರಮಾಣಪತ್ರದಲ್ಲಿ ನೀವೇ ಹೆತ್ತೋರು, ಕೋರ್ಟಿಲ್ಲ, ಕಚೇರಿ ಇಲ್ಲ" ಎಂದಳು. ಸೊಸೆಗೆ ಅಳುಕಿತ್ತು. ಮಗುವಿನ ಆಸೆ ಆ ಅಳುಕಿನ ಬಾಯಿ ಮುಚ್ಚಿಸಿತು.

ಹೀಗಿರುವಾಗ ಬ್ಯಾಂಕಿನಲ್ಲಿ ಕೆಲಸ ಮಾಡುವವಳೊಬ್ಬಳು ಉಡುಪು ಸಡಿಲ ಮಾಡಿಸಲು ಅಂಗಡಿಗೆ ಬಂದಳು. ತುಂಬು ಬಸುರಿ. ಸೊಸೆ ಅಳತೆಪಟ್ಟಿಯನ್ನು ಸುತ್ತಿ ತಂದಾಗ ಹೊಟ್ಟೆ ಮೆತ್ತಗೆ ಒಳಕ್ಕೆ ಹೋಯಿತು. ಹೊಲಿಗೆಯವಳ ಬೆರಳಿಗೆ ಸ್ಪಂಜು ಗೊತ್ತಾಗದೆ ಇರುತ್ತದೆಯೇ? ಬ್ಯಾಂಕಿನವಳ ಮುಖ ಬಿಳಿಚಿಕೊಂಡಿತು. ಸೊಸೆ ಪರದೆ ಎಳೆದು, ಅವಳ ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಇಬ್ಬರಿಗೂ ನಗು ಬಂತು.

"ನಿಮಗ್ಯಾರು ಕೊಡ್ತಿರೋದು?" ಸೊಸೆ ಕೇಳಿದಳು.

"ಪುಣ್ಯಾತ್ಗಿತ್ತಿ ಅಂತ ಒಬ್ರು. ಕ್ಯಾಂಟೀನ್ ಹುಡುಗಿ ಮಗು. ಕೆನ್ನೆ ಮೇಲೆ ಸುಟ್ಟ ಗಾಯ ಇದೆಯಂತೆ."

ಸೊಸೆಯ ನಗು ನಿಂತಿತು. "ತಾನಾಗೇ ಕೊಡ್ತಾಳಂತಾ?"

"ಇಲ್ಲ. ಹೆತ್ತ ಮೇಲೆ ಮಗು ಸತ್ತೋಯ್ತು ಅಂತ ಹೇಳಿಬಿಡ್ತಾರಂತೆ. ಆಗ ಹುಡುಕ್ಕೊಂಡು ಬರಲ್ಲ ಅಂದ್ರು..." ಬಾಯಿಬಿಟ್ಟು ಹೇಳಿದಾಗ ಆ ಮಾತು ಎಷ್ಟು ಹೊಲಸಾಗಿದೆಯೆಂದು ಅವಳಿಗೇ ಕೇಳಿಸಿತ್ತು.

ಹುಟ್ಟದ ಮಗುವಿಗೆ ಆಗಲೇ ಇಬ್ಬರು ಸುಳ್ಳು ತಾಯಂದಿರು. ನಿಜವಾದ ತಾಯಿಗೆ ಸಾವಿನ ಸುದ್ದಿ ಸಿದ್ಧವಾಗಿತ್ತು.

ಸೊಸೆ ಮನೆಗೆ ಬಂದಾಗ ದಲ್ಲಾಳಿ ಅತ್ತೆಯ ಜೊತೆ ಕಾಫಿ ಕುಡಿಯುತ್ತಿದ್ದಳು.

"ಆ ಹುಡುಗಿ ನನ್ನೆದುರು ಬಂದು, ಕೊಡ್ತೀನಿ ಅಂತ ಹೇಳಲಿ" ಎಂದಳು ಸೊಸೆ.

ದಲ್ಲಾಳಿ ನಕ್ಕಳು. "ಹಾಲು ಕೊಳ್ಳೋವಾಗ ಹಸೂನ ಕೇಳ್ತಾರೇನಮ್ಮಾ?"

ಅತ್ತೆಯೂ ನಕ್ಕರು. ಅವರೂ ಒಂದು ಮಗುವನ್ನು ಹೆತ್ತವರೇ. ಸೊಸೆಗೆ ಹೇಸಿಗೆಯಾಯಿತು. ಇಷ್ಟು ದಿನ ಇವರ ಜೊತೆ ಹತ್ತಿ ತುಂಬುತ್ತ ಕೂತಿದ್ದ ತನ್ನ ಮೇಲೂ ಹೇಸಿಗೆಯಾಯಿತು. ಹೊಟ್ಟೆಗೆ ಕಟ್ಟಿದ್ದನ್ನು ಬಿಚ್ಚಿ ಅತ್ತೆಯ ಮಡಿಲಿಗೆ ಎಸೆದಳು.

"ಇದೇ ಮಗೂನ ಇವಳು ಬ್ಯಾಂಕಿನವಳೊಬ್ಬಳಿಗೂ ಮಾರಿದಾಳೆ. ಅವಳು ಆಗಲೇ ಪೊಲೀಸ್ ಠಾಣೆಯಲ್ಲಿ ಕೂತಿದಾಳೆ. ನಾನೂ ಹೊರಟೆ."

ದಲ್ಲಾಳಿ ಕಾಫಿ ಅಲ್ಲೇ ಬಿಟ್ಟು ಹಿತ್ತಲ ಬಾಗಿಲು ಹಿಡಿದಳು.

"ಮೆಲ್ಲಗೆ ಮಾತಾಡೇ!" ಅತ್ತೆ ಗದರಿದರು. "ಮಗು ಬಂದ್ಮೇಲೆ ಯಾರು ಕೇಳ್ತಾರೆ?"

"ಹೆತ್ತವಳು ಕೇಳ್ತಾಳೆ. ಇವತ್ತಲ್ಲ ನಾಳೆ ಪೊಲೀಸರು ಬರ್ತಾರೆ. ನನ್ನನ್ನ ಅಮ್ಮಾ ಅಂತ ಕೂಗೋ ಮಗೂನ ಅವರು ಎತ್ಕೊಂಡು ಹೋಗೋವಾಗ ನಿಮ್ಮ ಸುಳ್ಳು ಪತ್ರ ಹಿಡ್ಕೊಂಡು ನಾನೇನು ಮಾಡ್ಲಿ? ಅರ್ಜಿ ಹಾಕ್ತೀನಿ. ಎಷ್ಟು ವರ್ಷ ಆದ್ರೂ ಕಾಯ್ತೀನಿ."

"ಬಂಜೆ ಅಂತಾರೆ ಕಣೇ!"

ಸೊಸೆ ಹೊಸ್ತಿಲು ದಾಟಿ ಬೀದಿಯಲ್ಲಿ ನಿಂತಳು. ಎದುರುಮನೆಯವರು, ಪಕ್ಕದವರು ಆಗಲೇ ಹೊರಗೆ ಬಂದಿದ್ದರು.

"ಅನ್ನಲಿ ಅತ್ತೆ" ಎಂದು ಗಟ್ಟಿಯಾಗಿ ಹೇಳಿದಳು. "ಮಕ್ಕಳ ಕಳ್ಳಿ ಅನ್ನಿಸ್ಕೊಳ್ಳೋದಕ್ಕಿಂತ ವಾಸಿ."